ಅಗ್ರಹಾರದ ಗಿರಣಿ: ಮಗು ಬರುವ ಮನೆಗೆ ಹೇಳಿ ಮಾಡಿಸಿದ ಜಾಗ

ಮನೆಗೆ ಮಗು ಬರುವುದಿದೆ, ಅಡುಗೆಗೆ ಏನೇನು ತಯಾರಿ ಮಾಡಿಟ್ಟುಕೊಳ್ಳಬೇಕು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ. ಫ್ರಿಡ್ಜಿನಲ್ಲಿ ಡಬ್ಬಿ ಜೋಡಿಸುವುದಕ್ಕೆ ಮುಂಚೆ ಒಂದು ಒಳ್ಳೆ ಗಿರಣಿ ನೋಡಿಕೊಳ್ಳಿ. ನಮಗೆ ಅಂಥದ್ದು ಸಿಕ್ಕಿದ್ದು ಮೈಸೂರಿನ ಅಗ್ರಹಾರದಲ್ಲಿ, ಒಂದು ಒಳರಸ್ತೆಯಲ್ಲಿ. ಬೋರ್ಡಿನ ಬಣ್ಣ ಹೋಗಿ ಹೆಸರು ಓದಲು ಬರುವುದಿಲ್ಲ. ಸುತ್ತಮುತ್ತಲಿನವರು ಸುಮ್ನೆ ಗಿರಣಿ ಅಂತಾರೆ.

ನಮ್ಮ ಮನೆ ವಿಷಯ ಹೇಳಿದರೆ ನಿಮಗೂ ಅಂದಾಜು ಸಿಗುತ್ತದೆ. ನನ್ನ ಹೆಂಡತಿಗೆ ಇದು ಎರಡನೇ ಹೆರಿಗೆ. ಅತ್ತೆಗೆ ಮಂಡಿ ಆಪರೇಷನ್ ಆಗಿದೆ, ಹಾಗಾಗಿ ಬಾಣಂತನ ತವರಿನಲ್ಲಲ್ಲ, ನಮ್ಮಲ್ಲೇ. ಅಪ್ಪನಿಗೆ ಶುಗರ್ ಇದೆ, ಹೊತ್ತಿಗೆ ಸರಿಯಾಗಿ ಮುದ್ದೆ ಆಗಬೇಕು. ದೊಡ್ಡ ಮಗಳಿಗೆ ರಾತ್ರಿ ಚಪಾತಿ. ಒಲೆ ಮುಂದೆ ನಿಲ್ಲುವವನು ನಾನೊಬ್ಬನೇ, ಅದೂ ನಿದ್ದೆಗೆಟ್ಟುಕೊಂಡು.

ವಾರದ ಹುಳಿಯನ್ನು ಒಟ್ಟಿಗೆ ಮಾಡಿ ಫ್ರೀಜರಿಗೆ ಹಾಕಿಬಿಡಿ ಅಂತ ಆಫೀಸಿನಲ್ಲಿ ಹೇಳಿದರು. ನಮ್ಮಲ್ಲಿ ಅದು ನಡೆಯುವುದಿಲ್ಲ. ಹೆಪ್ಪುಗಟ್ಟಿ ಕರಗಿದ ಮೇಲೆ ಆಲೂಗಡ್ಡೆ, ಸೀಮೆಬದನೆಕಾಯಿ ನೀರು ಬಿಟ್ಟುಕೊಂಡು ಮೆತ್ತಗಾಗುತ್ತವೆ. ನಮ್ಮ ಫ್ರೀಜರಿನಲ್ಲಿ ಇದ್ದದ್ದು ತುರಿದ ಕಾಯಿ, ಸಂಕ್ರಾಂತಿ ಹೊತ್ತಿನಲ್ಲಿ ಹಿತಕಿಟ್ಟ ಅವರೆಬೇಳೆ, ಅಷ್ಟೇ. ಮಿಕ್ಕಿದ್ದೆಲ್ಲ ಪುಡಿ ಮತ್ತು ಹಿಟ್ಟು. ಸಾರಿನ ಪುಡಿ, ಹುಳಿ ಪುಡಿ, ವಾಂಗಿಬಾತ್ ಪುಡಿ, ಬಾಣಂತಿಗೆ ಬೇರೆ ಪುಡಿ, ರಾಗಿ, ಗೋಧಿ, ಅಕ್ಕಿ ಹಿಟ್ಟು. ಇಷ್ಟು ಕೈಗೆಟುಕುವ ಹಾಗೆ ಇದ್ದರೆ ಬೇಳೆ ಬೇಯುವಷ್ಟರಲ್ಲಿ ಊಟ ರೆಡಿ, ಅದೂ ಬಿಸಿಬಿಸಿ.

ಗಿರಣಿಯಲ್ಲಿ ಸಾಲಾಗಿ ಮಿಷಿನ್‌ಗಳಿವೆ. ಗೋಧಿಗೆ ಒಂದು, ರಾಗಿಗೆ ಒಂದು, ಅಕ್ಕಿಗೆ ಒಂದು, ಮೂಲೆಯಲ್ಲಿ ಮೆಣಸಿನಕಾಯಿ ಮತ್ತು ಮಸಾಲೆಯದು. ನನ್ನ ಮಟ್ಟಿಗೆ ಇದೇ ಮುಖ್ಯ. ಒಂದೇ ಮಿಷಿನ್‌ನಲ್ಲಿ ಎಲ್ಲವನ್ನೂ ಬೀಸುವ ಕಡೆ ರಾಗಿ ಹಿಟ್ಟಿಗೆ ಹಿಂದಿನವರ ಖಾರದ ಘಾಟು ಅಂಟಿಕೊಂಡೇ ಬರುತ್ತದೆ. ದೊಡ್ಡವರಿಗೆ ನಡೆಯುತ್ತದೆ, ಬಾಣಂತಿಗೂ ಮಕ್ಕಳಿಗೂ ಆಗುವುದಿಲ್ಲ ಅಲ್ವಾ?

ಬಾಣಂತಿ ಪುಡಿಯ ಸಾಮಾನು ಹಿಡಿದುಕೊಂಡು ಸಂಜೆ ಹೋಗಿದ್ದೆ. ಒಣಶುಂಠಿ, ಕಾಳುಮೆಣಸು, ಜೀರಿಗೆ, ಓಮ, ಸ್ವಲ್ಪ ಹಿಪ್ಪಲಿ. ಗಿರಣಿಯವರು ಚೀಲದ ಬಾಯಿ ಬಿಚ್ಚಿ ಮೂಸಿ ನೋಡಿದರು. ‘ಬಾಣಂತಿದಾ ಸಾರ್? ಈಗ ಮೆಣಸಿನಕಾಯಿ ಓಡ್ತಾ ಇದೆ, ಇವತ್ತು ಬೇಡ. ಬೆಳಿಗ್ಗೆ ಬನ್ನಿ, ಮೊದಲನೇದು ನಿಮ್ದೇ ಹಾಕ್ಕೊಡ್ತೀನಿ’ ಅಂದರು. ಬಂದ ಗಿರಾಕಿಯನ್ನು ವಾಪಸ್ ಕಳಿಸುವ ಅಂಗಡಿ ಈ ಕಾಲದಲ್ಲಿ ಎಲ್ಲಿದೆ ಹೇಳಿ. ಬೆಳಿಗ್ಗೆ ಹೋದಾಗ ಮೊದಲು ಎರಡು ಹಿಡಿ ಅಕ್ಕಿ ಓಡಿಸಿದರು. ಕೆಂಪಗೆ ಬಂದ ಅಕ್ಕಿ ಹಿಟ್ಟನ್ನು ಪಕ್ಕಕ್ಕೆ ತೆಗೆದರು, ಮತ್ತೆ ಒಂದು ಹಿಡಿ ಹಾಕಿದರು. ಹಿಟ್ಟು ಬೆಳ್ಳಗೆ ಬಂದ ಮೇಲೇ ನಮ್ಮ ಸಾಮಾನು ಮೇಲಿನ ಬಾಯಿಗೆ ಸುರಿದದ್ದು. ಮಿಷಿನ್ ಬಾಯಿಗೆ ಒಂದು ಬಟ್ಟೆಯ ತೋಳು ಕಟ್ಟಿರುತ್ತಾರೆ. ಬೀಸಿ ಮುಗಿದ ಮೇಲೆ ಅದನ್ನು ಸಣ್ಣ ಕೋಲಿನಿಂದ ತಟ್ಟಿ ತಟ್ಟಿ, ಅಂಟಿಕೊಂಡ ಪುಡಿಯನ್ನೆಲ್ಲ ಡಬ್ಬಿಗೆ ಉದುರಿಸಿದರು. ಒಂದು ಚಿಟಿಕೆ ಹೆಬ್ಬೆರಳು, ತೋರುಬೆರಳಿನ ನಡುವೆ ಉಜ್ಜಿ ನೋಡಿ, ತರಿ ಇದೆ ಅನ್ನಿಸಿ ಇನ್ನೊಂದು ಸಲ ಹಾಕಿದರು. ಎರಡನೇ ಸಲಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಸಾಮಾನು ತಂದದ್ದು ಸಂತೆಪೇಟೆಯಿಂದ. ಶುಂಠಿ, ಹಿಪ್ಪಲಿ ಗ್ರಂದಿಗೆ ಅಂಗಡಿಯಲ್ಲಿ. ಸಾರಿನ ಪುಡಿಗೆ ನಮ್ಮ ಅಳತೆ ಅರ್ಧ ಕೆಜಿ ಧನಿಯಾಗೆ ಕಾಲು ಕೆಜಿ ಮೆಣಸಿನಕಾಯಿ, 100 ಗ್ರಾಂ ಜೀರಿಗೆ, ಮೆಣಸು, ಮೆಂತ್ಯ ತಲಾ 50 ಗ್ರಾಂ, ಒಂದು ಹಿಡಿ ಕರಿಬೇವು. ಮೆಣಸಿನಕಾಯಿ ಮಾತ್ರ ಪೂರ್ತಿ ಬ್ಯಾಡಗಿಯದೇ. 2011ರಲ್ಲಿ ಜಿಐ ಟ್ಯಾಗ್ ಸಿಕ್ಕ ತಳಿ ಅದು. ಬಣ್ಣ ಜಾಸ್ತಿ, ಖಾರ ಕಡಿಮೆ. ಮಗಳಿಂದ ಹಿಡಿದು ಅಪ್ಪನವರೆಗೆ ಎಲ್ಲರೂ ಒಂದೇ ಸಾರು ಉಣ್ಣಬೇಕಾದ ಮನೆಗೆ ಅದೇ ಸರಿ. ಎಲ್ಲವನ್ನೂ ಬಿಸಿಲಿಗೆ ಹಾಕಿ, ಸಣ್ಣ ಉರಿಯಲ್ಲಿ ಒಂದೊಂದನ್ನೇ ಬೇರೆ ಬೇರೆಯಾಗಿ ಹುರಿದೆ. ಧನಿಯಾ ಹದಕ್ಕೆ ಬರುವ ಹೊತ್ತಿಗೆ ಮೆಂತ್ಯ ಸೀದು ಕಹಿಯಾಗಿರುತ್ತದೆ, ಅದಕ್ಕೇ ಒಟ್ಟಿಗೆ ಹುರಿಯಬಾರದು.

ಗಿರಣಿಯವರು ಕೊಟ್ಟ ಎರಡು ಸಲಹೆ ಎಲ್ಲರಿಗೂ ಉಪಯೋಗ. ಹಂಚಿಕೊಳ್ಳುತ್ತೇನೆ.

ಪುಡಿ ಮಿಷಿನ್‌ನಿಂದ ಬರುವಾಗ ಬಿಸಿ ಇರುತ್ತದೆ. ಹಾಗೇ ಡಬ್ಬಿಗೆ ತುಂಬಿ ಮುಚ್ಚಿದರೆ ಒಳಗೆ ಬೆವರಿ ಗಂಟು ಕಟ್ಟುತ್ತದೆ, ಆಮೇಲೆ ಬೂಷ್ಟು. ಮನೆಗೆ ಬಂದ ತಕ್ಷಣ ಪೇಪರಿನ ಮೇಲೆ ಹರಡಿ, ಪೂರ್ತಿ ಆರಿದ ಮೇಲೇ ತುಂಬಬೇಕು. ಒದ್ದೆ ಚಮಚ ಹಾಕಲೇಬಾರದು. ನಾನು ದಿನದ ಬಳಕೆಗೆ ಸಣ್ಣ ಡಬ್ಬಿ ಇಟ್ಟು, ದೊಡ್ಡದನ್ನು ಮುಟ್ಟುವುದೇ ಇಲ್ಲ.

ಇನ್ನೊಂದು ಕೊಬ್ಬರಿ ವಿಷಯ. ವಾಂಗಿಬಾತ್ ಪುಡಿಗೆ ಕೊಬ್ಬರಿ ಸೇರಿಸಿ ತೆಗೆದುಕೊಂಡು ಹೋಗಿದ್ದೆ, ಬೀಸುವುದಿಲ್ಲ ಅಂದರು. ಎಣ್ಣೆ ಬಿಟ್ಟು ಮಿಷಿನ್‌ಗೆ ಮೆತ್ತಿಕೊಳ್ಳುತ್ತದೆ, ಮುಂದಿನವರ ಹಿಟ್ಟು ಕೆಡುತ್ತದೆ, ನಿಮ್ಮ ಪುಡಿಯೂ ಬೇಗ ಕಮಟು ಬರುತ್ತದೆ ಅಂತ ಬಿಡಿಸಿ ಹೇಳಿದರು. ಕೊಬ್ಬರಿಯನ್ನೆಲ್ಲ ಅಲ್ಲೇ ಕೂತು ಆರಿಸಿ ತೆಗೆದೆ. ಈಗ ವಾಂಗಿಬಾತ್ ಮಾಡುವ ದಿನ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಹಾಕುತ್ತೇನೆ. ಘಮ ನಿಜವಾಗಿಯೂ ಜಾಸ್ತಿ.

ಮಗು ಬಂದು ತಿಂಗಳಾಗುತ್ತಾ ಬಂತು. ಗಂಡು ಮಗು, ರಾತ್ರಿಯೆಲ್ಲ ಎಚ್ಚರ. ಬೆಳಿಗ್ಗೆ ಕುಕ್ಕರಿನಲ್ಲಿ ತೊಗರಿಬೇಳೆ ಇಟ್ಟು, ಒಂದು ಟೊಮ್ಯಾಟೊ ಹಿಚುಕಿ, ಎರಡು ಚಮಚ ಪುಡಿ ಹಾಕಿ ಕುದಿಸಿ ಒಗ್ಗರಣೆ ಕೊಟ್ಟರೆ ಮುಗಿಯಿತು. ಹೆಂಡತಿಗೆ ಬಿಸಿ ಅನ್ನ, ತುಪ್ಪ, ಬಾಣಂತಿ ಪುಡಿ ಕಲಸಿ ಮೊದಲ ತುತ್ತು. ಆಮೇಲೆ ಸಬ್ಬಸಿಗೆ ಸೊಪ್ಪಿನ ಪಲ್ಯ, ಮೆಣಸಿನ ಸಾರು. ನೀರು ಕಡಿಮೆ ಕೊಡಬೇಕು ಎನ್ನುವ ಹಳೇ ಪಥ್ಯವನ್ನು ಡಾಕ್ಟರ್ ಬೇಡವೇ ಬೇಡ ಅಂದಿದ್ದಾರೆ, ಹಾಲೂಡಿಸುವ ತಾಯಿ ಚೆನ್ನಾಗಿ ನೀರು ಕುಡಿಯಬೇಕಂತೆ. ನಾನಿಲ್ಲದ ಹೊತ್ತಿನಲ್ಲಿ ಅಪ್ಪ ತಾವೇ ಸಾರು ಮಾಡಿದ್ದಾರೆ. ಜೀವಮಾನದಲ್ಲಿ ಒಲೆ ಹಚ್ಚದವರು! ಪುಡಿ ಇದ್ದದ್ದಕ್ಕೇ ಅವರಿಗೆ ಧೈರ್ಯ ಬಂದದ್ದು. ಅದನ್ನು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕೊರತೆ ಇಲ್ಲ ಅಂತಲ್ಲ. ಶನಿವಾರ, ಭಾನುವಾರ ಸಾಲು ರಸ್ತೆಗೆ ಬರುತ್ತದೆ. ಕರೆಂಟ್ ಹೋದರೆ ಕಾಯಬೇಕು. ಗಾಡಿ ನಿಲ್ಲಿಸಲು ಜಾಗ ಇಲ್ಲವೇ ಇಲ್ಲ. ಗೋಧಿ ಹಿಟ್ಟು ನನಗೆ ಬೇಕಾದ್ದಕ್ಕಿಂತ ತುಸು ತರಿ, ಜರಡಿ ಹಿಡಿದುಕೊಳ್ಳುತ್ತೇನೆ. ಮುಖ್ಯವಾಗಿ, ಬಸುರಿಯನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ. ಖಾರದ ಪುಡಿ ಗಾಳಿಯಲ್ಲೇ ಇರುತ್ತದೆ, ಮಾಸ್ಕ್ ಹಾಕಿದ ನನಗೇ ಸೀನು ನಿಲ್ಲಲಿಲ್ಲ. ಸಾಮಾನು ಹುರಿದುಕೊಡುವ ವ್ಯವಸ್ಥೆಯೂ ಇಲ್ಲ, ಮನೆಯಲ್ಲೇ ಹುರಿದುಕೊಂಡು ಹೋಗಬೇಕು.

ಹೋಗುವುದಾದರೆ ವಾರದ ಮಧ್ಯೆ, ಬಾಗಿಲು ತೆಗೆದ ಹೊತ್ತಿಗೇ ಹೋಗಿ. ಹೆರಿಗೆ ದಿನಕ್ಕೆ ಒಂದು ತಿಂಗಳಾದರೂ ಮುಂಚೆ ಮುಗಿಸಿಕೊಳ್ಳಿ, ಮಕ್ಕಳು ಡಾಕ್ಟರ್ ಕೊಟ್ಟ ತಾರೀಖಿಗೇ ಬರುವುದಿಲ್ಲ. ನಿಮ್ಮದೇ ಡಬ್ಬಿ, ಬಟ್ಟೆ ಚೀಲ ಒಯ್ಯಿರಿ. ಮಗುವಿಗೆ ರಾಗಿ ಸರಿ ಹಿಟ್ಟನ್ನು ಈಗಲೇ ಮಾಡಿಸಿಡಬೇಡಿ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ಅಷ್ಟು ದಿನ ಇಟ್ಟ ಹಿಟ್ಟಿನಲ್ಲಿ ಸತ್ವವೂ ಇರುವುದಿಲ್ಲ. ಆ ಹೊತ್ತಿಗೆ ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಇಲ್ಲಿಗೇ ತರುತ್ತೇನೆ ಅಂತ ಗಿರಣಿಯವರಿಗೆ ಆಗಲೇ ಹೇಳಿ ಬಂದಿದ್ದೇನೆ. ‘ಹಿಂದಿನ ದಿನ ಬಂದು ಒಂದು ಮಾತು ಹೇಳಿ, ಮಿಷಿನ್ ತೊಳೆದಿಟ್ಟಿರ್ತೀನಿ’ ಅಂದಿದ್ದಾರೆ.