ಆರ್‌ಬಿಎಸ್‌ಕೆ ಹೃದಯ ತಪಾಸಣೆ: ಸೇವೆ ಒಳ್ಳೆಯದು, ಆದರೆ ತಂಡ ಬರುವವರೆಗೆ ಕಾಯಬೇಡಿ

ಆರ್‌ಬಿಎಸ್‌ಕೆ ಎಂದರೆ ಮಕ್ಕಳ ಆರೋಗ್ಯ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. 2013ರಲ್ಲಿ ಶುರುವಾದ ಈ ಸೇವೆ ಪೂರ್ತಿ ಉಚಿತ. ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರುತ್ತದೆ. ಹೃದಯದ ಅನುಮಾನವಿದ್ದರೆ ಚೀಟಿ ಬರೆದು ಜಿಲ್ಲಾಸ್ಪತ್ರೆಗೆ ಕಳಿಸುತ್ತಾರೆ: ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡು. ಎಎಸ್‌ಡಿ (ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ರಂಧ್ರ) ಇರುವ ಮಗುವಿಗೆ ಇಷ್ಟು ಸಾಕು. ಆ ರಂಧ್ರವನ್ನು ಸಾಮಾನ್ಯವಾಗಿ 2ರಿಂದ 4 ವರ್ಷಕ್ಕೆ ಮುಚ್ಚುತ್ತಾರೆ.

ದೊಡ್ಡ ವಿಎಸ್‌ಡಿಗೆ, ಅಂದರೆ ಕೆಳಗಿನ ಎರಡು ಕೋಣೆಗಳ ನಡುವಿನ ದೊಡ್ಡ ರಂಧ್ರಕ್ಕೆ, ಈ ಲೆಕ್ಕ ನಡೆಯುವುದಿಲ್ಲ. ಹುಟ್ಟಿದಾಗ ಶ್ವಾಸಕೋಶದ ಒತ್ತಡ ಹೆಚ್ಚಿರುವುದರಿಂದ ಮರ್ಮರ್ (ಹೃದಯದ ಅಸಹಜ ಸದ್ದು) ಕೇಳಿಸದಿರಬಹುದು, ಆಕ್ಸಿಜನ್ ಮಟ್ಟವೂ ಸರಿಯಿರುತ್ತದೆ. ಒಂದೂವರೆ ತಿಂಗಳ ಹೊತ್ತಿಗೆ ಲಕ್ಷಣ ಹೊರಬೀಳುತ್ತದೆ: ಹಾಲು ಕುಡಿಯುವಾಗ ಹಣೆ ಬೆವರುವುದು, ನಡುನಡುವೆ ಬಿಡುವುದು, ದಿನಕ್ಕೆ 20 ಗ್ರಾಂ ತೂಕವೂ ಏರದಿರುವುದು, ಮಲಗಿದಾಗಲೂ ನಿಮಿಷಕ್ಕೆ 60 ದಾಟುವ ಉಸಿರು. ಆ ವಯಸ್ಸಿನ ಚುಚ್ಚುಮದ್ದಿಗೆ ಹೋದಾಗಲೇ ಸ್ಟೆತಸ್ಕೋಪ್ ಇಟ್ಟು ನೋಡಲು ಕೇಳಿ.

ಆಟಿ (ಮಳೆಗಾಲದ ತುಳು ತಿಂಗಳು) ಕಳೆಯಲಿ, ತೂಕ ಬರಲಿ ಎಂದು ಮುಂದೂಡುವುದು ನಮ್ಮ ಕಡೆ ಸಾಮಾನ್ಯ. ಆದರೆ ರಂಧ್ರ ಮುಚ್ಚದೆ ತೂಕ ಬರುವುದೇ ಕಷ್ಟ. ರಂಧ್ರದ ಮೂಲಕ ನುಗ್ಗುವ ಹೆಚ್ಚಿನ ರಕ್ತದ ಹೊಡೆತಕ್ಕೆ ಶ್ವಾಸಕೋಶದ ನಾಳಗಳ ಗೋಡೆ ದಪ್ಪವಾಗುತ್ತಾ ಹೋಗುತ್ತದೆ. ಆಗ ಅತ್ತ ಹರಿಯುವ ರಕ್ತ ಕಡಿಮೆಯಾಗಿ ಬೆವರು ನಿಲ್ಲುತ್ತದೆ, ಕೆಮ್ಮು ತಗ್ಗುತ್ತದೆ, ಮರ್ಮರ್ ಕೂಡ ಮೆತ್ತಗಾಗುತ್ತದೆ. ಮನೆಯವರು ರಂಧ್ರ ತಾನಾಗಿ ಮುಚ್ಚಿತೆಂದು ನಂಬುತ್ತಾರೆ. ನಿಜಕ್ಕೂ ಮುಚ್ಚಿದೆಯೋ, ಒತ್ತಡ ಏರಿದೆಯೋ ಎಂದು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿಯೇ ತಿಳಿಯಬೇಕು. ರಕ್ತ ತಿರುಗಿ ಹರಿಯತೊಡಗಿ ತುಟಿ ನೀಲಿಯಾದ ಮೇಲೆ ರಂಧ್ರ ಮುಚ್ಚಿದರೆ ಬಲ ಹೃದಯವೇ ಸೋಲುತ್ತದೆ. ಶಸ್ತ್ರಚಿಕಿತ್ಸೆಯ ದಾರಿಯೇ ಮುಚ್ಚುತ್ತದೆ. ದೊಡ್ಡ ವಿಎಸ್‌ಡಿಗೆ 6 ತಿಂಗಳ ಆಸುಪಾಸು, ತಪ್ಪಿದರೆ ವರ್ಷದೊಳಗೆ ಆಗಲೇಬೇಕು ಎನ್ನುವುದು ಇದಕ್ಕೇ.

ಫ್ಯಾಲಟ್ ಟೆಟ್ರಾಲಜಿಯನ್ನು (ಹುಟ್ಟಿನಿಂದಲೇ ಹೃದಯದಲ್ಲಿ ನಾಲ್ಕು ದೋಷ ಒಟ್ಟಿಗಿರುವುದು) ತಡವಾಗಿಯೂ ಸರಿಪಡಿಸಬಹುದು, ಆದರೆ ಕಾಯುವ ಅವಧಿಯಲ್ಲಿ ರಕ್ತ ಗಟ್ಟಿಯಾಗಿ ಪಾರ್ಶ್ವವಾಯು, ಮೆದುಳಿನಲ್ಲಿ ಕೀವು ಆಗುವ ಅಪಾಯವಿದೆ. ಹೃದಯದಿಂದ ಹೊರಡುವ ಎರಡು ಮುಖ್ಯ ರಕ್ತನಾಳಗಳು ಅದಲುಬದಲಾದ ಶಿಶುವಿಗೆ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಸಿಗುವುದು ಎರಡು ಮೂರು ವಾರ ಮಾತ್ರ.

ಕಾಗದಪತ್ರದ ಕೆಲಸ ಬೇಗ ಮುಗಿಸಿ: ತಾಯಿ ಕಾರ್ಡ್, ರೇಷನ್ ಕಾರ್ಡ್, ಆಧಾರ್, ಎಕೋ ವರದಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜಿನ ಶೇ. 30ರಷ್ಟು ಸಿಗುತ್ತದೆ. ಚೀಟಿಯಲ್ಲಿ ‘ಹೃದ್ರೋಗ ತಜ್ಞರಿಗೆ’ ಎಂದಷ್ಟೇ ಇದ್ದರೆ ಒಪ್ಪಬೇಡಿ. ಯಾವ ವಯಸ್ಸಿನೊಳಗೆ ಆಪರೇಷನ್ ಆಗಬೇಕೆಂದು ಬರೆಸಿಕೊಳ್ಳಿ. ಮಳೆಗಾಲದಲ್ಲಿ ಶೀತ, ನ್ಯುಮೋನಿಯಾ ಬಂದರೆ ದಿನಾಂಕ ಕೆಲವು ವಾರ ಮುಂದೆ ಹೋಗಬಹುದು, ಆದರೆ ಅದನ್ನು ನೀವಾಗಿ ರದ್ದು ಮಾಡಬೇಡಿ. ಪದೇಪದೇ ನ್ಯುಮೋನಿಯಾ ಆಗುತ್ತಿದ್ದರೆ ಬೇಗ ಮಾಡಬೇಕೆನ್ನಲು ಅದೇ ಕಾರಣವಾಗಬಹುದು. ವೈದ್ಯರಿಗೆ ಫೋನ್ ಮಾಡಿ ಕೇಳಿ.