ಕೈಬರಹದ ಪತ್ರವೋ, ಕೃತಜ್ಞತಾ ಸಭೆಯೋ: ಪೋಷಕರ ಸಂಘಗಳಿಗೊಂದು ಹೋಲಿಕೆ

ಶಾಲೆಯ ಗ್ರಂಥಾಲಯಕ್ಕೋ ಆಟದ ಮೈದಾನಕ್ಕೋ ನೆರವಾದವರಿಗೆ ಧನ್ಯವಾದ ಹೇಳಬೇಕಾದ ಪೋಷಕರ ಸಂಘದ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ: ಪ್ರತಿಯೊಬ್ಬರಿಗೂ ಪತ್ರ ಬರೆಯುವುದು, ಇಲ್ಲವೇ ಎಲ್ಲರನ್ನೂ ಕರೆದು ಸಭೆಯಲ್ಲಿ ಸ್ಮರಿಸುವುದು.

ಪತ್ರದ ಬಲವಿರುವುದು ಅದರ ನಿರ್ದಿಷ್ಟತೆಯಲ್ಲಿ. "ನಿಮ್ಮ ಅಮೂಲ್ಯ ಸಹಕಾರಕ್ಕೆ ವಂದನೆಗಳು" ಎಂಬ ಅಚ್ಚಿನ ಸಾಲಿಗಿಂತ, "ನೀವು ಕೊಟ್ಟ ಹಣದಿಂದ ಎರಡನೇ ತರಗತಿಯ ಮಕ್ಕಳ ಕೈಗೆಟಕುವ ಕಪಾಟು ಬಂದಿದೆ, ಈಗ ಅವರೇ ಪುಸ್ತಕ ಆರಿಸಿಕೊಳ್ಳುತ್ತಾರೆ" ಎಂಬ ಸಾಲು ದಾನಿಗೆ ತನ್ನ ಹಣ ಎಲ್ಲಿಗೆ ತಲುಪಿತೆಂಬುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಅದರ ಕೆಳಗೆ ಮಗುವೊಂದು ಬಿಡಿಸಿದ ಚಿತ್ರವಿದ್ದರಂತೂ ಆ ಕಾಗದವನ್ನು ಎಸೆಯಲು ಮನಸ್ಸು ಬಾರದು. ಹೆಸರು ಬಹಿರಂಗವಾಗುವುದನ್ನು ಬಯಸದ ದಾನಿಗಳಿಗೂ ಇದೇ ಸೂಕ್ತ. ಆದರೆ ಪತ್ರ ತಡವಾದಷ್ಟೂ ಅದರ ಸೊಗಸು ಕುಂದುತ್ತದೆ. ಆದ್ದರಿಂದ ಬರೆಯುವ ಕೆಲಸವನ್ನು ನಾಲ್ಕಾರು ಮಂದಿ ಹಂಚಿಕೊಳ್ಳಬೇಕಾಗುತ್ತದೆ.

ಸಭೆಯು ಸ್ವಯಂಸೇವಕರಿಗೆ ಹೆಚ್ಚು ಒಪ್ಪುತ್ತದೆ. ಕುರ್ಚಿ ಜೋಡಿಸಿದವರು, ಲೆಕ್ಕ ಬರೆದವರು, ಕಾರ್ಯಕ್ರಮ ಮುಗಿದ ಮೇಲೆ ಕಸ ಗುಡಿಸಿದವರು ಒಂದೆಡೆ ಸೇರಿ, ತಮ್ಮ ಮಕ್ಕಳೆದುರು ತಮ್ಮ ಹೆಸರನ್ನು ಕೇಳುವುದು ಪತ್ರ ಕೊಡಲಾರದ ಸಂತೋಷ. ಆದರೆ ಒಂದೇ ಒಂದು ಹೆಸರು ಬಿಟ್ಟುಹೋದರೂ ಆಗುವ ನೋವು ದೊಡ್ಡದು. ದಾನದ ಮೊತ್ತವನ್ನು ವೇದಿಕೆಯಲ್ಲಿ ಓದುವುದಂತೂ, ಕಡಿಮೆ ಕೊಡಲಷ್ಟೇ ಸಾಧ್ಯವಾದ ಪೋಷಕರನ್ನು ಮುಜುಗರಕ್ಕೆ ದೂಡುವುದರಿಂದ, ನನ್ನ ದೃಷ್ಟಿಯಲ್ಲಿ ಖಂಡಿತ ಸಲ್ಲದು.

ಸಮಯ ಒಂದಕ್ಕೇ ಸಾಲುವುದಾದರೆ ಪತ್ರವನ್ನೇ ಆರಿಸಿಕೊಳ್ಳಿ. ಹಣಕ್ಕಿಂತ ದುಡಿಮೆಯೇ ಹೆಚ್ಚಾಗಿದ್ದ ಯೋಜನೆಗೆ ಮಾತ್ರ ಸಭೆ ಮೇಲು. ಆಗಲೂ ಬರಲಾಗದವರಿಗೆ ಮರುದಿನವೇ ಎರಡು ಸಾಲು ಬರೆದು ಕಳುಹಿಸಿ.