ಹಲಸಿನ ಚೆನ್ನೆಮಣೆ: ಕೊಳ್ಳುವ ಮೊದಲು ಗುಳಿಯೊಳಗೆ ಬೆರಳಿಟ್ಟು ನೋಡಿ

ಆಟಿ ತಿಂಗಳ ಮಳೆಗೆ ಕಾಸರಗೋಡಿನ ಮನೆಗಳಲ್ಲಿ ಎಲ್ಲರೂ ಒಳಗೇ ಇರುತ್ತಾರೆ, ಆದರೆ ಒಬ್ಬೊಬ್ಬರ ಮುಖ ಒಂದೊಂದು ಮೊಬೈಲಿಗೆ. ಅದನ್ನು ಬಿಡಿಸಲು ಬೈಗುಳಕ್ಕಿಂತ ಚೆನ್ನೆಮಣೆ ವಾಸಿ. ಇಬ್ಬರು ಎದುರುಬದುರು ಕೂತು, ಮರದ ಮಣೆಯ ಗುಳಿಗಳಿಗೆ ಒಂದು ಕೈಯಲ್ಲಿ ಬೀಜ ಹಿಡಿದು ಬಿತ್ತುತ್ತಾ, ಎದುರಿನವರ ಗುಳಿಯ ಮೇಲೆ ಕಣ್ಣಿಟ್ಟು ಆಡುವ ಆಟವಿದು, ನಡುವೆ ಮೊಬೈಲ್ ನೋಡಿದರೆ ಲೆಕ್ಕ ಹೋಯಿತೆಂದೇ ಅರ್ಥ. ಇದೇ ಆಟದ ಆ್ಯಪ್‌ಗಳೂ ಇವೆ. ಅಲ್ಲಿ ಬೀಜ ತಾನೇ ಓಡುತ್ತದೆ, ತಾನೇ ಎಣಿಸಿಕೊಳ್ಳುತ್ತದೆ. ಬೆರಳಿಗೂ ಮನಸ್ಸಿಗೂ ಕೆಲಸವೇ ಉಳಿಯುವುದಿಲ್ಲ.

ಈಗ ಸಿಗುವ ಮಣೆಗಳು ಮೂರು ಬಗೆ: ಊರಿನ ಆಚಾರಿ ಹಲಸಿನ ಮರದಲ್ಲಿ ಕೆತ್ತಿದ್ದು, ಕರಕುಶಲ ಅಂಗಡಿಯ ಮಡಚುವ ಮಣೆ, ಮತ್ತೆ ಪ್ಲಾಸ್ಟಿಕ್ಕಿನದು. ಹಣ ಹಾಕುವುದಾದರೆ ಮೊದಲನೆಯದಕ್ಕೇ ಹಾಕಿ. ಪ್ಲಾಸ್ಟಿಕ್ ಮಣೆ ಹಗುರ, ಮೊಣಕೈ ತಾಗಿದರೆ ಸರಿಯುತ್ತದೆ, ಬೀಜವೆಲ್ಲ ಕಲಸಿಹೋಗುತ್ತದೆ. ಮಡಚುವ ಮಣೆ ನೋಡಲು ಚಂದ, ಬೀಜ ಒಳಗೇ ಇಟ್ಟು ಮುಚ್ಚಬಹುದು. ಆದರೆ ಅದರ ಜೀವ ಇರುವುದು ಬಿಜಾಗರಿಯಲ್ಲಿ. ಕಡಲ ಗಾಳಿಯ ಊರಿನಲ್ಲಿ ಕಬ್ಬಿಣದ ಬಿಜಾಗರಿ ಬೇಗ ತುಕ್ಕು ಹಿಡಿಯುತ್ತದೆ, ಸ್ಕ್ರೂ ಸಡಿಲಾಗಿ ಎರಡು ಭಾಗ ಏರುಪೇರಾಗುತ್ತವೆ. ಕೊಳ್ಳುವುದೇ ಆದರೆ ಹಿತ್ತಾಳೆಯದು ನೋಡಿ.

ಹಲಸಿನ ಮಣೆಯಲ್ಲಿ ಮೊದಲು ಮುಟ್ಟಿ ನೋಡಬೇಕಾದದ್ದು ಗುಳಿ. ಸಾಲಿಗೆ 7ರಂತೆ 14 ಗುಳಿ. ಬಾಯಿ ಅಗಲ ಐದೂವರೆ ಸೆಂಟಿಮೀಟರ್, ಆಳ ಎರಡು ಸೆಂಟಿಮೀಟರ್ ಇದ್ದರೆ ದೊಡ್ಡವರ ಬೆರಳಿಗೂ ಸಾಕು. ತಳ ಚಿಪ್ಪಿನಂತೆ ದುಂಡಗಿರಬೇಕು. ಯಂತ್ರದಲ್ಲಿ ಕೊರೆದ ಗುಳಿಗಳ ತಳ ಚಪ್ಪಟೆ, ಬದಿಯ ಮೂಲೆಯಲ್ಲಿ ಬೀಜ ಕೂತರೆ ಉಗುರು ಹಾಕಿ ಕೀಳಬೇಕು, ಆಟದ ಓಟವೇ ನಿಲ್ಲುತ್ತದೆ. ಗೆದ್ದ ಬೀಜ ಇಡಲು ಎರಡು ತುದಿಯಲ್ಲಿ ದೊಡ್ಡ ಗುಳಿ ಇದ್ದರೆ ಒಳ್ಳೆಯದು.

ಮರ ಒಣಗಿದ್ದೇ, ತಿರುಳಿನದ್ದೇ ಎಂದು ಕೇಳಿ. ಹೊಸದಾಗಿ ಕೊಯ್ದ ಹಲಸಿನ ಮರದ ತಿರುಳು ಹಳದಿ, ವರ್ಷ ಕಳೆದಂತೆ ಕಂದಾಗುತ್ತದೆ. ಅಂಚಿನಲ್ಲಿ ಬಿಳಿ ಪಟ್ಟಿ ಕಂಡರೆ ಅದು ಹೊರಮರ, ಹುಳು ಮೊದಲು ಕೊರೆಯುವುದೇ ಅಲ್ಲಿ. ಹಸಿಮರದಲ್ಲಿ ಕೆತ್ತಿದ ಮಣೆ ಬೇಸಿಗೆಗೆ ಗುಳಿಯ ನಡುವೆಯೇ ಸೀಳುತ್ತದೆ. ಹೊಳಪಿನ ವಾರ್ನಿಷ್ ಬೇಡ, ಮಳೆಗಾಲದ ತೇವಕ್ಕೆ ಕೈಗೆ ಅಂಟಿದಂತಾಗುತ್ತದೆ. ಗೆದ್ದಲು ಬಾರದಿರಲೆಂದು ಗೇರುಸಿಪ್ಪೆಯ ಎಣ್ಣೆ ಹಚ್ಚುವ ರೂಢಿ ಮಾಡಿನ ಪಕ್ಕಾಸಿಗೆ ಸರಿ, ಮಣೆಗೆ ಖಂಡಿತ ಬೇಡ. ಚರ್ಮ ಸುಟ್ಟು ಗುಳ್ಳೆ ಏಳುತ್ತದೆ.

ಮಣೆಯ ಜೊತೆ ಬರುವ ಬೀಜವನ್ನು ಬೆಳಕಿಗೆ ಹಿಡಿದು ನೋಡಿ. ಇಡೀ ಕೆಂಪಾಗಿದ್ದರೆ ಮಂಜೊಟ್ಟಿ, ಮಲಯಾಳದವರ ಮಂಜಾಡಿ. ಕೆಂಪಿನ ತುದಿಗೆ ಕಪ್ಪು ಕಣ್ಣಿದ್ದರೆ ಗುಲಗಂಜಿ. ಗುಲಗಂಜಿ ಕಡುವಿಷ, ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಅದನ್ನು ಮಣೆಯ ಜೊತೆ ಮಾರುವುದು ದೊಡ್ಡ ತಪ್ಪು, ಮಕ್ಕಳಿರುವ ಮನೆಗೆ ತರಲೇಬೇಡಿ. ಮಂಜೊಟ್ಟಿಯೇ ಆದರೂ ತೀರ ಸಣ್ಣ ಮಕ್ಕಳ ಕೈಗೆ ಕೊಡಬಾರದು, ಗಂಟಲಲ್ಲಿ ಸಿಕ್ಕೀತು. ಇದರ ಬೀಜಗಳು ಹೆಚ್ಚುಕಡಿಮೆ ಒಂದೇ ತೂಕ, ನಾಲ್ಕು ಕೂಡಿದರೆ ಸುಮಾರು ಒಂದು ಗ್ರಾಂ. ಹಿಂದೆ ಚಿನ್ನ ತೂಗಲು ಬಳಸುತ್ತಿದ್ದದ್ದು ಇದಕ್ಕೇ.

ಗುಳಿಗೆ 4ರಂತೆ 56 ಬೀಜ ಬೇಕು, ಕಳೆದುಹೋಗುವ ಲೆಕ್ಕಕ್ಕೆ ಇನ್ನೊಂದು ಹತ್ತು. ನಿಯಮ ಮನೆಮನೆಗೂ ಬೇರೆ, ಕೂರುವ ಮೊದಲೇ ಮಾತಾಡಿಕೊಳ್ಳಿ. ಗಂಡ ಹೆಂಡತಿ, ಅಕ್ಕ ತಂಗಿ ಎದುರುಬದುರು ಕೂರಬಾರದೆನ್ನುವ ಮನೆಗಳೂ ಇವೆ, ಹಿರಿಯರನ್ನು ಕೇಳಿಕೊಳ್ಳಿ. ಕಲಿಯುವವರಿಗೆ ಸುಲಭದ್ದು ಹೀಗೆ: ಒಂದು ಗುಳಿಯ ಬೀಜವೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಬಿತ್ತಿ. ಕೈ ಖಾಲಿಯಾದಾಗ ಅದರ ಮುಂದಿನ ಗುಳಿಯದ್ದನ್ನು ಎತ್ತಿ ಮುಂದುವರಿಸಿ. ಮುಂದಿನದು ಖಾಲಿ ಇದ್ದರೆ ಅದರಾಚೆಯ ಗುಳಿಯ ಬೀಜ ನಿಮ್ಮದು, ಸರದಿ ಎದುರಿನವರಿಗೆ. ಆಟ ಶುರುಮಾಡುವವರು ಮೊದಲ ಸರದಿಯಲ್ಲಿ ಯಾವ ಗುಳಿಯಿಂದ ಹೊರಟರೂ ಏಳು ಸಲ ಎತ್ತಿ, 28 ಬೀಜ ಬಿತ್ತಿ, ಕೊನೆಗೆ 6 ಬೀಜ ಸಿಗಲೇಬೇಕು. ಸಿಗದಿದ್ದರೆ ಎಲ್ಲೋ ಒಂದು ಗುಳಿ ಹಾರಿದೆ, ಇಲ್ಲವೇ ಎರಡು ಬೀಜ ಒಟ್ಟಿಗೆ ಬಿದ್ದಿವೆ.

ಬೀಜ ದುಡ್ಡು ಕೊಟ್ಟು ತರಬೇಕಾಗಿಲ್ಲ. ಬೇಸಿಗೆಯಲ್ಲಿ ಮಂಜೊಟ್ಟಿ ಮರದ ಕೋಡು ಒಣಗಿ, ಸುರುಳಿಯಾಗಿ ಸಿಡಿದು, ಬೀಜ ಕೆಳಗೆ ಚೆಲ್ಲಿರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ ಆಗಲೇ ಹೆಕ್ಕಿಸಿಡಿ. ಮಳೆ ಹಿಡಿದು ಹುಲ್ಲೆದ್ದ ಮೇಲೆ ಮರದಡಿ ಕೂತು ಹುಡುಕಿದರೂ ಕಾಣುವುದಿಲ್ಲ.